ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧನೆಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಅಧ್ಯಯನ ಪಾಠ



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸಲು ಅನುಕೂಲವಾಗುವಂತೆ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಇದನ್ನು ಬರೆದವನು ವೈದ್ಯನಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಕೆಲಸ ಮಾಡುತ್ತಿರುವವನು. ಆದುದರಿಂದ ಇಲ್ಲಿ ಯಾವ ಔಷಧದ ಪ್ರಮಾಣವನ್ನೂ ಹೇಳಿಲ್ಲ, ಯಾರೂ ಇದನ್ನು ಚಿಕಿತ್ಸೆಯ ಸೂಚನೆಯೆಂದು ಭಾವಿಸತಕ್ಕದ್ದಲ್ಲ. ಆಪತ್ತಿನಲ್ಲಿರುವ ಮಗುವಿಗೆ ಯಾವ ಚಿಕಿತ್ಸೆ ಉಪಯುಕ್ತ, ಯಾವುದು ಅಲ್ಲ ಎಂಬುದನ್ನು ಜಗತ್ತು ಹೇಗೆ ತಿಳಿದುಕೊಂಡಿತು, ಆ ತಿಳಿವಳಿಕೆ ನಮ್ಮ ಹಟ್ಟಿ, ತಾಂಡಾ, ಕೇರಿಗಳ ಮಗುವಿಗೆ ತಲುಪುವ ದಾರಿಯಲ್ಲಿ ಪಂಚಾಯಿತಿಯ ಪಾಲು ಎಷ್ಟು ಎಂಬುದಷ್ಟೇ ಇಲ್ಲಿನ ವಿಷಯ.

ಈ ವಿಷಯದ ಅಧ್ಯಯನಕ್ಕೆ ನಾನು ಇಳಿದ ಕಾರಣವನ್ನು ಮರೆಮಾಚುವುದು ಸರಿಯಲ್ಲ. ಎರಡು ವರ್ಷಗಳ ಹಿಂದೆ, ಮುಂಗಾರಿನ ಮೊದಲ ವಾರದಲ್ಲಿ, ನಾನು ಕೆಲಸ ಮಾಡುತ್ತಿದ್ದ ಪಂಚಾಯಿತಿಯ ಒಂದು ಹಟ್ಟಿಯಲ್ಲಿ ಆರು ವರ್ಷದ ಬಾಲಕನೊಬ್ಬ ಹಿತ್ತಲಿನ ಕಟ್ಟಿಗೆ ರಾಶಿಗೆ ಕೈ ಹಾಕಿದಾಗ ಚೇಳು ಕುಟುಕಿತು. ಆಗ ಸಂಜೆ ಸುಮಾರು ಏಳೂವರೆ. ಮನೆಯವರು ಮೊದಲು ಮಂತ್ರ ಹಾಕುವವರಲ್ಲಿಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಬಾಲಕ ನೋವು ಕಡಿಮೆ ಎಂದ, ನಂತರ ಎರಡು ಬಾರಿ ವಾಂತಿ ಮಾಡಿದ, ಮೈಯೆಲ್ಲ ಬೆವತ. ವಿಷ ಇಳಿಯುತ್ತಿದೆ ಎಂದು ಎಲ್ಲರೂ ಸಮಾಧಾನಪಟ್ಟರು. ಒಂಬತ್ತೂಮುಕ್ಕಾಲಿಗೆ ಕೈಕಾಲು ತಣ್ಣಗಾದುದನ್ನು ಅಜ್ಜಿ ಗಮನಿಸಿದರು. ವಾಹನ ಸಿಕ್ಕಿದ್ದು ಹತ್ತೂ ಇಪ್ಪತ್ತಕ್ಕೆ. ಹಟ್ಟಿಯಿಂದ ಮುಖ್ಯರಸ್ತೆಗೆ ಇರುವ ದಾರಿಯಲ್ಲಿ ಕುಡಿಯುವ ನೀರಿನ ಕೊಳವೆಗಾಗಿ ಅಗೆದ ಭಾಗ ಆ ದಿನದ ಮಳೆಗೆ ಕುಸಿದಿತ್ತು. ವಾಹನ ಹಿಂದಿರುಗಿ ಕೆರೆ ಏರಿಯ ಮೇಲಿನ ಬಳಸು ದಾರಿ ಹಿಡಿಯಬೇಕಾಯಿತು. ಅದರಿಂದ ಇನ್ನೂ ಮೂವತ್ತೈದು ನಿಮಿಷ ಹೋಯಿತು. ಮೊದಲ ಆಸ್ಪತ್ರೆಯಲ್ಲಿ ಮಗುವನ್ನು ನೋಡಿ ಮುಂದಕ್ಕೆ ಕಳುಹಿಸಿದರು. ಜಿಲ್ಲಾ ಕೇಂದ್ರ ತಲುಪುವ ಮೊದಲೇ ಬಾಲಕ ತೀರಿಕೊಂಡ.

ಆ ಅಗೆತವನ್ನು ಮುಚ್ಚಲಾಗಿದೆ ಎಂಬ ಟಿಪ್ಪಣಿಯ ಕೆಳಗೆ ನನ್ನ ಸಹಿ ಇತ್ತು. ಮುಚ್ಚಿದ್ದೂ ನಿಜ. ಆದರೆ ಮಣ್ಣನ್ನು ಪದರ ಪದರವಾಗಿ ತುಂಬಿ, ನೀರು ಹಾಕಿ, ದಮ್ಮಸು ಮಾಡಿರಲಿಲ್ಲ. ಹಾಗೆ ತುಂಬಿದ ಮಣ್ಣು ಮೊದಲ ಮಳೆಗೆ ಕುಸಿಯುತ್ತದೆ ಎಂಬುದನ್ನು ಎಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿಯೇ ಕಲಿಸುತ್ತಾರೆ. ಮೂವತ್ತೈದು ನಿಮಿಷ ಉಳಿದಿದ್ದರೆ ಮಗು ಬದುಕುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು ನಾನು ಓದಿದ ಸಂಗತಿಗಳೇ ಈ ಪಾಠದ ತಿರುಳು.

ಮಹಾಡದ ವೈದ್ಯರು ಕಂಡುಕೊಂಡದ್ದು

ಚೇಳಿನ ವಿಷದ ಬಗ್ಗೆ ಇಂದು ಭಾರತದಲ್ಲಿ ಬಳಕೆಯಲ್ಲಿರುವ ಚಿಕಿತ್ಸೆ ಯಾವುದೇ ದೊಡ್ಡ ನಗರದ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಮಹಾರಾಷ್ಟ್ರದ ಕೊಂಕಣ ಭಾಗದ ರಾಯಗಡ ಜಿಲ್ಲೆಯಲ್ಲಿ ಮಹಾಡ ಎಂಬ ತಾಲ್ಲೂಕು ಇದೆ. ಅಲ್ಲಿನ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಯುವ ವೈದ್ಯರಾಗಿ ಬಂದವರು ಡಾ. ಹಿಮ್ಮತರಾವ್ ಬಾವಸ್ಕರ್. ಕೆಂಪು ಚೇಳು ಕುಟುಕಿದ ಮಕ್ಕಳು, ಕೂಲಿಕಾರರು ತಮ್ಮ ಕಣ್ಣೆದುರೇ ಉಸಿರುಗಟ್ಟಿ ಸಾಯುವುದನ್ನು ಅವರು ಕಂಡರು. ಆ ಕಾಲಕ್ಕೆ ಪಠ್ಯಪುಸ್ತಕಗಳಲ್ಲಿ ಈ ಬಗ್ಗೆ ಹೆಚ್ಚಿನ ವಿವರ ಇರಲಿಲ್ಲ. ಅಟ್ರೋಪಿನ್, ಸ್ಟೀರಾಯ್ಡ್ ಮುಂತಾದವನ್ನು ರೂಢಿಯಂತೆ ಕೊಡಲಾಗುತ್ತಿತ್ತು, ಪ್ರಯೋಜನ ಕಾಣುತ್ತಿರಲಿಲ್ಲ.

ಬಾವಸ್ಕರ್ ಅವರು ಮಾಡಿದ ಮೊದಲ ಕೆಲಸ ರೋಗಿಯ ಹಾಸಿಗೆಯ ಪಕ್ಕ ಕುಳಿತು ಗಂಟೆ ಗಂಟೆಗೂ ಏನಾಗುತ್ತದೆ ಎಂಬುದನ್ನು ಬರೆದುಕೊಂಡದ್ದು. ಈ ದಾಖಲೆಯಿಂದ ಒಂದು ಮುಖ್ಯ ಸಂಗತಿ ಹೊರಬಂತು. ಪ್ರಾಣಕ್ಕೆ ಎರವಾಗುವ ಕಡಿತದಲ್ಲಿ ವಾಂತಿ, ಮೈತುಂಬ ಬೆವರು, ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಜನನಾಂಗದ ನಿಮಿರುವಿಕೆ, ಇವು ಮೊದಲೇ ಕಾಣಿಸಿಕೊಳ್ಳುತ್ತವೆ. ಕುಟುಕಿದ ಜಾಗದಲ್ಲಿ ನೋವು ಅಷ್ಟೇನೂ ಇಲ್ಲದಿರಬಹುದು. ಇದಕ್ಕೆ ವಿರುದ್ಧವಾಗಿ, ಜಾಗದಲ್ಲಿ ತಡೆಯಲಾಗದ ನೋವಿದ್ದು ಬೇರೆ ಯಾವ ಲಕ್ಷಣವೂ ಇಲ್ಲದ ಕಡಿತ ಬಹುಮಟ್ಟಿಗೆ ಪ್ರಾಣಾಪಾಯ ತರುವುದಿಲ್ಲ. ಈ ಮುನ್ಸೂಚನೆಗಳ ವಿವರ 1982ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಹಟ್ಟಿಯಲ್ಲಿ ವಿಷ ಇಳಿಯುತ್ತಿದೆಯೆಂದು ಜನ ಸಮಾಧಾನಪಟ್ಟ ಎರಡು ಲಕ್ಷಣಗಳು, ವಾಂತಿ ಮತ್ತು ಬೆವರು, ಆ ಪಟ್ಟಿಯ ಮೊದಲ ಸಾಲಿನಲ್ಲಿವೆ. ಸುಮಾರು ನಾಲ್ಕು ದಶಕಗಳ ಹಿಂದೆ ನೆರೆಯ ರಾಜ್ಯದ ಹಳ್ಳಿಯಲ್ಲಿ ಗೊತ್ತಾದ ಸಂಗತಿ ನಮ್ಮ ಹಟ್ಟಿಗೆ ಬಂದಿರಲಿಲ್ಲ.

ಒಳಗೆ ನಡೆಯುವುದೇನು ಎಂಬುದನ್ನು ನೀರು ಸರಬರಾಜಿನ ಹೋಲಿಕೆಯಿಂದ ಹೇಳಬಹುದು. ಕೆಂಪು ಚೇಳಿನ ವಿಷ ನರಗಳ ತುದಿಯಿಂದ ಉದ್ರೇಕಕಾರಿ ರಸಗಳನ್ನು ಒಮ್ಮೆಲೇ ಹೊರಹೊಮ್ಮಿಸುತ್ತದೆ. ಅದರಿಂದ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ಪಂಪು ಪೂರ್ಣ ಶಕ್ತಿಯಲ್ಲಿ ಓಡುತ್ತಿರುವಾಗ ಮುಂದಿನ ವಾಲ್ವುಗಳನ್ನೆಲ್ಲ ತಿರುಗಿಸಿ ಬಿಗಿಗೊಳಿಸಿದರೆ ಏನಾಗುತ್ತದೆಯೋ ಅದೇ ಹೃದಯಕ್ಕೆ ಆಗುತ್ತದೆ. ಒತ್ತಡ ಏರಿ, ಪಂಪು ಸೋತು, ನೀರು ಹಿಂದಕ್ಕೆ ನಿಲ್ಲುತ್ತದೆ. ಅಂದರೆ ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ಚೇಳಿಗೆ ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ಎಂಬ ಲೆಕ್ಕವಿಲ್ಲ, ವಿಷ ಅಷ್ಟೇ ಇರುತ್ತದೆ. ಹದಿನೈದು ಕಿಲೋ ತೂಕದ ಮಗುವಿನ ದೇಹದಲ್ಲಿ ಅದರ ಸಾಂದ್ರತೆ ಹಲವು ಪಟ್ಟು ಹೆಚ್ಚು. ಮತ್ತೊಂದು ಮಾತು. ನಮ್ಮ ಜನ ಹೆದರುವುದು ದೊಡ್ಡ ಕರಿ ಚೇಳಿಗೆ. ನಿಜವಾಗಿ ಹೆಚ್ಚು ಅಪಾಯಕಾರಿಯಾದುದು ಕಲ್ಲುಸಂದಿ, ಇಟ್ಟಿಗೆ ರಾಶಿ, ತೊಗಟೆಯ ಕೆಳಗೆ ಇರುವ ಚಿಕ್ಕ ಗಾತ್ರದ ಕೆಂಪು ಚೇಳು.

ಬಿಗಿಗೊಂಡ ವಾಲ್ವನ್ನು ಸಡಿಲಿಸಲು ಬಾವಸ್ಕರ್ ಅವರು ಆರಿಸಿಕೊಂಡದ್ದು ಪ್ರಜೋಸಿನ್ ಎಂಬ, ರಕ್ತದೊತ್ತಡಕ್ಕಾಗಿ ಮೊದಲೇ ಬಳಕೆಯಲ್ಲಿದ್ದ ಅಗ್ಗದ ಮಾತ್ರೆಯನ್ನು. 1986ರಲ್ಲಿ ಇದರ ಅನುಭವವೂ ಅದೇ ಪತ್ರಿಕೆಯಲ್ಲಿ ಬಂತು. ಪ್ರಜೋಸಿನ್ ಬರುವ ಮೊದಲು ಪಶ್ಚಿಮ ಭಾರತದಲ್ಲಿ ಇಂತಹ ತೀವ್ರ ಕಡಿತಗಳಲ್ಲಿ ಶೇ 25ರಿಂದ 30ರಷ್ಟು ಜನ ಸಾಯುತ್ತಿದ್ದರು, ಬಂದ ಮೇಲೆ ಆ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು ಎಂದು ಅವರ ವರದಿಗಳು ಹೇಳುತ್ತವೆ. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಮಂತ್ರಕ್ಕೆ ಯಶಸ್ಸು ಸಿಗುವುದು ಏಕೆ

ಇಲ್ಲಿ ಸದಸ್ಯರು ಸಹಜವಾಗಿ ಕೇಳಬಹುದಾದ ಪ್ರಶ್ನೆಯೊಂದಿದೆ. ಮಂತ್ರದಿಂದ, ಈರುಳ್ಳಿ ಉಜ್ಜುವುದರಿಂದ, ಬೇರು ಕಟ್ಟುವುದರಿಂದ ಗುಣವಾದವರು ನಮ್ಮೂರಲ್ಲಿ ನೂರಾರು ಜನ ಇದ್ದಾರಲ್ಲ? ಇದ್ದಾರೆ, ಅದು ಸುಳ್ಳಲ್ಲ. ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರ ಪಂಚಮಿಯಂದು ಜನ ಚೇಳನ್ನು ಕೈಯಲ್ಲಿ ಹಿಡಿಯುವುದನ್ನೂ ನಾವು ಬಲ್ಲೆವು. ಯಾರ ಭಕ್ತಿಯನ್ನೂ ಪ್ರಶ್ನಿಸುವುದು ಈ ಪಾಠದ ಉದ್ದೇಶವಲ್ಲ. ವಿಷಯ ಇಷ್ಟೇ: ಚೇಳು ಕುಟುಕಿದ ಬಹುಪಾಲು ಜನರಿಗೆ ನೋವಿನ ಹೊರತು ಬೇರೇನೂ ಆಗುವುದಿಲ್ಲ. ಅವರು ಏನು ಮಾಡಿದರೂ, ಏನೂ ಮಾಡದಿದ್ದರೂ ಗುಣವಾಗುತ್ತಾರೆ. ಗುಣವಾದ ಹೊತ್ತಿನಲ್ಲಿ ಕೈಯಲ್ಲಿ ಏನಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಸತ್ತ ಕೆಲವರ ವಿಷಯದಲ್ಲಿ ತಡವಾಯಿತು, ಹಣೆಬರಹ ಎಂದು ಹೇಳಿ ಲೆಕ್ಕದಿಂದ ಬಿಡಲಾಗುತ್ತದೆ.

ಇದೇ ದೋಷ ಪ್ರಜೋಸಿನ್ ಮಾತ್ರೆಗೂ ಅನ್ವಯಿಸುವುದಿಲ್ಲವೇ ಎಂದು ಕೇಳುವುದು ನ್ಯಾಯ. ಹಿಂದಿನ ಕಾಲದ ಸಾವಿನ ಲೆಕ್ಕವನ್ನು ಇಂದಿನ ಲೆಕ್ಕದೊಡನೆ ಹೋಲಿಸಿದರೆ, ನಡುವೆ ರಸ್ತೆ ಬಂದಿರುತ್ತದೆ, ವಾಹನ ಬಂದಿರುತ್ತದೆ, ಆಮ್ಲಜನಕ ಬಂದಿರುತ್ತದೆ. ಯಾವುದರಿಂದ ಎಷ್ಟು ಲಾಭ ಎಂದು ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದಲೇ ಸಂಶೋಧಕರು ಚೀಟಿ ಎತ್ತುವ ಕ್ರಮವನ್ನು ಅನುಸರಿಸುತ್ತಾರೆ. ಒಂದೇ ಆಸ್ಪತ್ರೆ, ಒಂದೇ ಕಾಲ, ಒಂದೇ ಬಗೆಯ ರೋಗಿಗಳು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಲಾಟರಿಯಿಂದ ನಿರ್ಧರಿಸುವುದು. ಫಲಾನುಭವಿಗಳ ಆಯ್ಕೆಯಲ್ಲಿ ಚೀಟಿ ಎತ್ತುವಾಗ ನಾವು ಏಕೆ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುತ್ತೇವೆಯೋ ಅದೇ ಕಾರಣ: ಎತ್ತುವವರ ಒಲವು ಫಲಿತಾಂಶದಲ್ಲಿ ಸೇರಬಾರದು.

ಮಹಾಡದಲ್ಲಿಯೂ ಈ ಕ್ರಮದ ಪರೀಕ್ಷೆ ನಡೆಯಿತು. ಪ್ರಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಹೆಚ್ಚಿನ ಲಾಭವಿದೆಯೇ ಎಂಬುದು ಪ್ರಶ್ನೆ. 70 ರೋಗಿಗಳನ್ನು 35ರ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಹತ್ತು ಗಂಟೆಗಳ ನಂತರ ನೋಡಿದಾಗ, ಎರಡನ್ನೂ ಪಡೆದ ಗುಂಪಿನಲ್ಲಿ 32 ಜನ ಪೂರ್ಣವಾಗಿ ಚೇತರಿಸಿಕೊಂಡಿದ್ದರು. ಪ್ರಜೋಸಿನ್ ಮಾತ್ರ ಪಡೆದವರಲ್ಲಿ 8 ಜನ. ಈ ವರದಿ 2011ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟವಾಯಿತು. ಅನಂತರ ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ಮಕ್ಕಳ ಮೇಲೆಯೇ ಇಂತಹ ಪರೀಕ್ಷೆ ನಡೆದು, ಎರಡನ್ನೂ ಸೇರಿಸಿ ಕೊಡುವುದೇ ಮೇಲು ಎಂಬ ಅಭಿಪ್ರಾಯಕ್ಕೆ ಬಲ ಬಂತು.

ಅಮೆರಿಕದ ಅರಿಝೋನಾದಲ್ಲಿ ಬೇರೆ ಜಾತಿಯ ಚೇಳು ಇದೆ. ಅದರ ವಿಷ ಹೃದಯಕ್ಕಿಂತ ನರಗಳನ್ನು ಹೆಚ್ಚಾಗಿ ಕಾಡುತ್ತದೆ. ಮಗುವಿನ ಕಣ್ಣುಗುಡ್ಡೆಗಳು ಅಂಕೆಯಿಲ್ಲದೆ ಸುತ್ತುತ್ತವೆ, ಕೈಕಾಲು ಬಡಿದುಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. 2009ರಲ್ಲಿ ಪ್ರಕಟವಾದ ಅಲ್ಲಿನ ಪರೀಕ್ಷೆಯಲ್ಲಿ ಇದ್ದದ್ದು ಕೇವಲ 15 ಮಕ್ಕಳು. ಪ್ರತಿವಿಷ ಪಡೆದ 8 ಮಕ್ಕಳೂ ನಾಲ್ಕು ಗಂಟೆಯೊಳಗೆ ಲಕ್ಷಣಮುಕ್ತರಾದರು; ಪಡೆಯದ 7 ಮಕ್ಕಳಲ್ಲಿ ಒಂದು ಮಗು ಮಾತ್ರ. ಹದಿನೈದೇ ಮಕ್ಕಳಿಂದ ನಿರ್ಣಯಕ್ಕೆ ಬರಬಹುದೇ? ಅಂತರ ಇಷ್ಟು ದೊಡ್ಡದಿದ್ದರೆ ಬರಬಹುದು. ಸೇತುವೆ ಕುಸಿಯಿತೋ ನಿಂತಿತೋ ಎಂದು ತಿಳಿಯಲು ಸೂಕ್ಷ್ಮ ಮಾಪಕ ಬೇಡ. ಸೇತುವೆ ವರ್ಷಕ್ಕೆ ಮೂರು ಮಿಲಿಮೀಟರ್ ಇಳಿಯುತ್ತಿದೆಯೇ ಎಂದು ತಿಳಿಯಲು ಬೇಕು. ಮುಂದಿನ ಉದಾಹರಣೆ ಆ ಎರಡನೆಯ ಬಗೆಯದು.

ವೈದ್ಯರ ನಂಬಿಕೆಯೇ ಪರೀಕ್ಷೆಗೆ ಒಳಗಾದಾಗ

ತಪ್ಪು ನಂಬಿಕೆ ಮಂತ್ರ ಹಾಕುವವರ ಸೊತ್ತು ಎಂದು ತಿಳಿದರೆ ಅದೂ ತಪ್ಪು. ತೀವ್ರ ಜ್ವರದಿಂದ ಬಳಲಿ, ಕೈಕಾಲು ತಣ್ಣಗಾಗಿ, ರಕ್ತಸಂಚಾರ ಕುಂದಿದ ಮಗು ಆಸ್ಪತ್ರೆಗೆ ಬಂದರೆ ರಕ್ತನಾಳದ ಮೂಲಕ ಒಂದೇ ಸಮನೆ ಹೆಚ್ಚು ದ್ರವವನ್ನು ವೇಗವಾಗಿ ಹರಿಸಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಕ್ರಮವಾಗಿತ್ತು. ತರ್ಕಬದ್ಧವೂ ಆಗಿತ್ತು. ಆದರೆ ಆಫ್ರಿಕದ ಬಡ ಆಸ್ಪತ್ರೆಗಳಲ್ಲಿ, ಕೃತಕ ಉಸಿರಾಟದ ಯಂತ್ರವಿಲ್ಲದ ಕಡೆ, ಅದು ನಿಜವಾಗಿ ಪ್ರಾಣ ಉಳಿಸುತ್ತದೆಯೇ ಎಂಬುದನ್ನು ಯಾರೂ ಅಳೆದಿರಲಿಲ್ಲ.

ಡಾ. ಕ್ಯಾಥರಿನ್ ಮೇಟ್ಲಂಡ್ ಅವರ ನೇತೃತ್ವದಲ್ಲಿ ಕೀನ್ಯಾ, ಉಗಾಂಡ ಮತ್ತು ಟಾಂಜಾನಿಯಾ ದೇಶಗಳ ಆರು ಆಸ್ಪತ್ರೆಗಳಲ್ಲಿ 2009ರಿಂದ ಇದರ ಪರೀಕ್ಷೆ ನಡೆಯಿತು. 'ಫೀಸ್ಟ್' ಎಂಬುದು ಇದರ ಹೆಸರು. ಮುಖ್ಯ ಪರೀಕ್ಷೆಗೆ ಸೇರಿದ 3,141 ಮಕ್ಕಳನ್ನು ಚೀಟಿ ಕ್ರಮದಂತೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆಲ್ಬುಮಿನ್ ಎಂಬ ದ್ರಾವಣ, ಇನ್ನೊಂದಕ್ಕೆ ಲವಣ ದ್ರಾವಣ, ಇವೆರಡಕ್ಕೂ ವೇಗವಾಗಿ. ಮೂರನೆಯ ಗುಂಪಿಗೆ ವೇಗದ ದ್ರವವಿಲ್ಲ, ದೇಹಕ್ಕೆ ನಿತ್ಯ ಬೇಕಾಗುವಷ್ಟು ಮಾತ್ರ. ಉಳಿದ ಔಷಧೋಪಚಾರ ಎಲ್ಲರಿಗೂ ಒಂದೇ. ದ್ರವ ಪಡೆದ ಮಕ್ಕಳೇ ಹೆಚ್ಚು ಉಳಿಯುತ್ತಾರೆಂಬುದು ನಿರೀಕ್ಷೆ.

2011ರ ಜನವರಿಯಲ್ಲಿ, ಅಂಕಿಅಂಶಗಳನ್ನು ಗುಪ್ತವಾಗಿ ಪರಿಶೀಲಿಸುತ್ತಿದ್ದ ಸ್ವತಂತ್ರ ಸಮಿತಿಯು ಪರೀಕ್ಷೆಯನ್ನು ನಿಲ್ಲಿಸಲು ಹೇಳಿತು. 48 ಗಂಟೆಗಳೊಳಗೆ ಆಲ್ಬುಮಿನ್ ಗುಂಪಿನಲ್ಲಿ ಶೇ 10.6, ಲವಣ ದ್ರಾವಣದ ಗುಂಪಿನಲ್ಲಿ ಶೇ 10.5 ಮಕ್ಕಳು ಸತ್ತಿದ್ದರು. ವೇಗದ ದ್ರವ ಪಡೆಯದ ಗುಂಪಿನಲ್ಲಿ ಶೇ 7.3. ಅಂದರೆ, ಪ್ರಾಣ ಉಳಿಸಲೆಂದು ಕೊಟ್ಟ ಚಿಕಿತ್ಸೆಯಿಂದ ನೂರಕ್ಕೆ ಮೂರು ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದರು.

ಈ ಅಂತರ ಏಕೆ ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ? ನೂರರಲ್ಲಿ ಏಳೋ ಹತ್ತೋ ಎಂಬುದು ಒಬ್ಬ ವೈದ್ಯರು ತಮ್ಮ ವಾರ್ಡಿನಲ್ಲಿ ವರ್ಷಪೂರ್ತಿ ನಿಂತು ನೋಡಿದರೂ ಗೊತ್ತಾಗುವಂತಹುದಲ್ಲ. ಅದಕ್ಕಿಂತ ಮಿಗಿಲಾದ ಕಾರಣವೂ ಇದೆ. ದ್ರವ ಪಡೆದ ಮಕ್ಕಳಲ್ಲಿ ಮೊದಲ ಒಂದು ಗಂಟೆಯಲ್ಲಿ ಚೇತರಿಕೆಯ ಲಕ್ಷಣ ಹೆಚ್ಚಾಗಿ ಕಂಡಿತ್ತು. ನಾಡಿ ಸುಧಾರಿಸಿತು, ಕೈ ಬೆಚ್ಚಗಾಯಿತು, ವೈದ್ಯರು ಸಮಾಧಾನಪಟ್ಟು ಮುಂದಿನ ಹಾಸಿಗೆಗೆ ಹೋದರು. ಸಾವು ಬಂದದ್ದು ಆಮೇಲೆ. ಇದನ್ನು ಓದುವಾಗ ನನಗೆ ನೋವು ಕಡಿಮೆ ಎಂದ ಆ ಬಾಲಕನೇ ನೆನಪಾದ.

ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಅನರ್ಥವಾದೀತು. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಕ್ಕಳನ್ನು, ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು, ಸುಟ್ಟಗಾಯದವರನ್ನು ಇದಕ್ಕೆ ಸೇರಿಸಿರಲಿಲ್ಲ. ಭೇದಿಯಾದ ಮಗುವಿಗೆ ದ್ರವ ಬೇಕೇ ಬೇಕು, ಮನೆಯಲ್ಲಿಯೇ ಓ.ಆರ್.ಎಸ್. ಆರಂಭಿಸಬೇಕು, ಅದರಲ್ಲಿ ಯಾವ ಬದಲಾವಣೆಯೂ ಇಲ್ಲ. ಸುಸಜ್ಜಿತ ತೀವ್ರ ನಿಗಾ ಘಟಕಗಳಿಗೆ ಈ ಫಲಿತಾಂಶ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ತನ್ನ ಮಕ್ಕಳ ತುರ್ತು ಚಿಕಿತ್ಸೆಯ ಮಾರ್ಗಸೂಚಿಯನ್ನು ಪರಿಷ್ಕರಿಸಿ, ರಕ್ತಸಂಚಾರ ಕುಂದಿದ ಒಂದೆರಡು ಲಕ್ಷಣ ಮಾತ್ರ ಇರುವ ಜ್ವರಪೀಡಿತ ಮಕ್ಕಳಿಗೆ ವೇಗವಾಗಿ ದ್ರವ ಹರಿಸಬಾರದೆಂದು ಹೇಳಿತು. ಗ್ರಾಮಗಳಲ್ಲಿ 'ಒಂದು ಬಾಟಲಿ ಏರಿಸಿಬಿಡಿ' ಎಂದು ಪೋಷಕರೇ ಒತ್ತಾಯಿಸುವ ವಾಡಿಕೆ ಇದೆ. ಬಾಟಲಿ ಏರಿಸದ ವೈದ್ಯರು ನಿರ್ಲಕ್ಷ್ಯ ಮಾಡಿದರೆಂದು ಪಂಚಾಯಿತಿಗೆ ದೂರು ಬಂದುದನ್ನೂ ನಾನು ನೋಡಿದ್ದೇನೆ. ಅಂತಹ ದೂರು ಬಂದಾಗ ಸದಸ್ಯರು ಈ ಮೂರು ಸಾವಿರ ಮಕ್ಕಳನ್ನು ನೆನೆಯುವುದು ಒಳ್ಳೆಯದು.

ಸಾಲು ಬದಲಿಸಿದರೆ ಸಾಕಾದ ಒಂದು ಆಸ್ಪತ್ರೆ

ಎಲ್ಲ ಸಂಶೋಧನೆಯೂ ಔಷಧದ್ದಲ್ಲ. ಮಲಾವಿ ದೇಶದ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಮಕ್ಕಳೆಲ್ಲರೂ ಬಂದ ಕ್ರಮದಲ್ಲಿ ಸಾಲಿನಲ್ಲಿ ಕಾಯುತ್ತಿದ್ದರು. ಅಲ್ಲಿನವರು ತುರ್ತು ವಿಭಾಗದ ವಿನ್ಯಾಸವನ್ನು ಬದಲಿಸಿ, ಬಂದ ಕೂಡಲೇ ಪ್ರತಿಯೊಂದು ಮಗುವನ್ನೂ ಒಮ್ಮೆ ನೋಡಿ, ಉಸಿರು ಕಟ್ಟುತ್ತಿರುವ, ಪ್ರಜ್ಞೆ ಇಲ್ಲದ, ಫಿಟ್ಸ್ ಬಂದ ಮಕ್ಕಳನ್ನು ಸಾಲು ಬಿಡಿಸಿ ಮುಂದೆ ತರುವ ಏರ್ಪಾಡು ಮಾಡಿದರು. ಸಿಬ್ಬಂದಿಗೆ ತರಬೇತಿ ಕೊಟ್ಟರು. ಒಳರೋಗಿ ಮಕ್ಕಳ ಸಾವಿನ ಪ್ರಮಾಣ ಮೊದಲು ಶೇ 10ರಿಂದ 18ರ ನಡುವೆ ಇದ್ದದ್ದು ಆಮೇಲೆ ಶೇ 6ರಿಂದ 8ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಇದು ಚೀಟಿ ಎತ್ತಿದ ಪರೀಕ್ಷೆಯಲ್ಲ, ಹಿಂದು-ಮುಂದಿನ ಹೋಲಿಕೆ ಮಾತ್ರ. ಮೇಲೆ ಹೇಳಿದ ದೋಷ ಇದಕ್ಕೂ ಇದೆ. ಆದರೂ ಕಟ್ಟಡ, ಬಾಗಿಲು, ಸಾಲುಗಳ ಕೆಲಸ ಮಾಡುವ ನಮ್ಮಂತಹವರಿಗೆ ಇದು ಬಹಳ ಹತ್ತಿರದ ಉದಾಹರಣೆ.

ನಮ್ಮ ದೇಶದಲ್ಲಿಯೂ ಇಂತಹ ಸರಳ ಕೆಲಸಗಳ ಪರಂಪರೆ ಇದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸಕ್ಕರೆ, ಅಡುಗೆ ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿಟ್ಟು ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು. ವೆಲ್ಲೂರಿನ ವೈದ್ಯರು 1988ರಲ್ಲಿ, ಮಗುವಿನ ಉಸಿರನ್ನು ಎಣಿಸಿಯೇ ನ್ಯುಮೋನಿಯಾವನ್ನು ಗುರುತಿಸಬಹುದೆಂದು ತೋರಿಸಿದವರಲ್ಲಿ ಸೇರಿದ್ದಾರೆ. ಇಂದು ಆಶಾ ಕಾರ್ಯಕರ್ತೆಯರು ಒಂದು ನಿಮಿಷ ಉಸಿರು ಎಣಿಸುವುದು ಇಂತಹ ಅಧ್ಯಯನಗಳ ಫಲ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಆಶಾ ಅವರು ಎಣಿಸುವಾಗ ಪಕ್ಕದಲ್ಲಿ ನಿಂತು ಮಾತಾಡಿಸಬಾರದು ಎಂಬುದು ಸದಸ್ಯರಿಗೆ ಸಣ್ಣ ವಿನಂತಿ.

ಸಂಶೋಧಕರು ನಮ್ಮೂರಿಗೆ ಬಂದಾಗ

ಕಾಲೇಜುಗಳಿಂದ, ಸಂಸ್ಥೆಗಳಿಂದ ಆರೋಗ್ಯ ಸಂಶೋಧನೆಗೆಂದು ತಂಡಗಳು ಗ್ರಾಮಗಳಿಗೆ ಬರುತ್ತವೆ, ಮೊದಲು ಪಂಚಾಯಿತಿ ಕಚೇರಿಗೇ ಬರುತ್ತವೆ. ಅನುಮತಿ ಪತ್ರ ಕೇಳುತ್ತವೆ. ಆಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, ನೀತಿ ಸಮಿತಿಯ ಒಪ್ಪಿಗೆ ಪತ್ರ ಇದೆಯೇ ಎಂಬುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಅಧ್ಯಕ್ಷರ ಅಥವಾ ಹಿರಿಯರ ಅನುಮತಿಯು ವ್ಯಕ್ತಿಯ ಸಮ್ಮತಿಗೆ ಬದಲಿಯಾಗಲಾರದು. ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿ ಬೇಕು. ಜೊತೆಗೆ 7 ವರ್ಷ ಮೇಲ್ಪಟ್ಟ ಮಗುವಿನ ಬಾಯಿಮಾತಿನ ಒಪ್ಪಿಗೆ, 12 ದಾಟಿದವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ನಾವು ಸಹಿ ಹಾಕಿಬಿಟ್ಟರೆ ಊರೇ ಒಪ್ಪಿದಂತೆ ಎಂಬ ಭಾವನೆ ತಂಡಗಳಲ್ಲೂ ಇದೆ, ನಮ್ಮಲ್ಲೂ ಇದೆ. ಅದು ಸರಿಯಲ್ಲ.

ತುರ್ತು ಸ್ಥಿತಿಯಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಮಗು ಏದುಸಿರು ಬಿಡುತ್ತಿರುವಾಗ ತಾಯಿಗೆ ನಾಲ್ಕು ಪುಟದ ಪತ್ರ ಓದಿ ಹೇಳಲು ಸಾಧ್ಯವೇ? ಫೀಸ್ಟ್ ಪರೀಕ್ಷೆಯಲ್ಲಿ ನೀತಿ ಸಮಿತಿಗಳ ಒಪ್ಪಿಗೆಯೊಡನೆ ಒಂದು ಮಧ್ಯಮಾರ್ಗ ಹಿಡಿದರು. ಸಮಯವಿಲ್ಲದಿದ್ದಾಗ ಮೊದಲು ಚಿಕ್ಕದಾಗಿ ವಿಷಯ ತಿಳಿಸಿ ಪೋಷಕರ ಬಾಯಿಮಾತಿನ ಒಪ್ಪಿಗೆ, ಮಗು ಸ್ಥಿರವಾದ ಮೇಲೆ ಪೂರ್ಣ ವಿವರಣೆ ಮತ್ತು ಲಿಖಿತ ಸಮ್ಮತಿ. ಇದು ಸರಿಯೇ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ, ಪರೀಕ್ಷೆ ಮಾಡದೆ ರೂಢಿಯನ್ನು ಮುಂದುವರಿಸಿದ್ದರೆ ಯಾರ ಸಮ್ಮತಿಯನ್ನೂ ಕೇಳದೆ ಆ ನೂರಕ್ಕೆ ಮೂರು ಮಕ್ಕಳು ಪ್ರತಿವರ್ಷ ಸಾಯುತ್ತಿದ್ದರು. ಸದಸ್ಯರು ಭಿನ್ನವಾಗಿ ಯೋಚಿಸಬಹುದು. ಸಭೆಯಲ್ಲಿ ಇದನ್ನೇ ಮೊದಲು ಚರ್ಚೆಗೆ ಎತ್ತಿಕೊಳ್ಳಬಹುದು.

ಪಂಚಾಯಿತಿಯ ಪಾಲು

ಬಾಲಕನ ರಾತ್ರಿಯ ಲೆಕ್ಕಕ್ಕೆ ಮರಳುತ್ತೇನೆ. ಏಳೂವರೆಯಿಂದ ಒಂಬತ್ತೂಮುಕ್ಕಾಲು: ಲಕ್ಷಣ ಗೊತ್ತಿಲ್ಲದೆ ಕಳೆದ ಎರಡೂಕಾಲು ಗಂಟೆ. ವಾಹನಕ್ಕಾಗಿ ಮೂವತ್ತೈದು ನಿಮಿಷ. ಕುಸಿದ ರಸ್ತೆಯಿಂದ ಇನ್ನೂ ಮೂವತ್ತೈದು. ಆಸ್ಪತ್ರೆಯಲ್ಲಿ ಹೋದ ಸಮಯ ನನಗೆ ಸರಿಯಾಗಿ ತಿಳಿದಿಲ್ಲ. ಅತಿ ದೊಡ್ಡ ಭಾಗ ಮೊದಲನೆಯದು, ಅದಕ್ಕೆ ಹಣವೇ ಬೇಕಿಲ್ಲ. ವಾಂತಿ, ಬೆವರು, ತಣ್ಣನೆಯ ಕೈಕಾಲು ಎಂಬ ಮೂರು ಮಾತುಗಳನ್ನು ವಾರ್ಡ್ ಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘಗಳಲ್ಲಿ ಹೇಳಿದರೆ ಸಾಕು. ಮಂತ್ರ ಹಾಕುವವರನ್ನು ದೂರವಿಟ್ಟು ಇದನ್ನು ಹೇಳಿದರೆ ಫಲ ಕಡಿಮೆ. ನಮ್ಮಲ್ಲಿ ಅವರನ್ನೇ ಕರೆದು ಕೂರಿಸಿ ಮಾತನಾಡಿದೆವು. ಮಕ್ಕಳು ಬಂದರೆ ಮೊದಲು ವಾಹನ ಹತ್ತಿಸಿ, ಮಂತ್ರ ಆಮೇಲೆ ಎಂಬ ಮಾತಿಗೆ ಅವರು ಒಪ್ಪಿದರು. ಯಾವ ಲಕ್ಷಣವೂ ಇಲ್ಲದಿದ್ದರೂ ಚೇಳು ಕುಟುಕಿದ ಮಗುವನ್ನು ವೈದ್ಯರ ಕಣ್ಣಿನ ಮುಂದೆ ಕೆಲವು ಗಂಟೆ ಇರಿಸುವುದೇ ಕ್ಷೇಮ.

108 ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಆದರೆ ಹಟ್ಟಿಗಳಿಗೆ ಕರೆ ಮಾಡುವವರು ಗುರುತು ಹೇಳುವುದು 'ದೊಡ್ಡ ಆಲದ ಮರದ ಹತ್ತಿರ' ಎಂದು. ಪ್ರತಿ ಜನವಸತಿಯ ಪ್ರವೇಶದಲ್ಲಿ ರಾತ್ರಿ ಕಾಣುವ ನಾಮಫಲಕ, ಅದಕ್ಕೊಂದು ಬೀದಿದೀಪ, ರಾತ್ರಿ ವಾಹನ ಕೊಡಲು ಒಪ್ಪಿರುವ ಇಬ್ಬರ ದೂರವಾಣಿ ಸಂಖ್ಯೆಯನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಸುವುದು, ಇವು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬಹುದಾದ ಸಣ್ಣ ಬಾಬ್ತುಗಳು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಅನುದಾನದಿಂದಲೂ ಕೆಲವನ್ನು ಮಾಡಬಹುದು. ಶಾಲೆ, ಅಂಗನವಾಡಿಗಳ ಸುತ್ತ ಕಾಮಗಾರಿ ಮುಗಿದ ಮೇಲೆ ಉಳಿದ ಇಟ್ಟಿಗೆ, ಜಲ್ಲಿ, ಸೈಜುಗಲ್ಲಿನ ರಾಶಿಗಳನ್ನು ಗುತ್ತಿಗೆದಾರರು ತೆರವುಗೊಳಿಸದೆ ಅಂತಿಮ ಬಿಲ್ಲು ಪಾವತಿಸತಕ್ಕದ್ದಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಸಭೆಗೆ ಬಂದಾಗ ಕಟ್ಟಡದ ಸುಣ್ಣಬಣ್ಣದ ಜೊತೆಗೆ ಇದನ್ನೂ ಕೇಳಬೇಕು: ಪ್ರಜೋಸಿನ್ ಮಾತ್ರೆ ಇದೆಯೇ, ಹಾವಿನ ಪ್ರತಿವಿಷ ಇದೆಯೇ, ಚೇಳಿನದು ಸಮೀಪದಲ್ಲಿ ಎಲ್ಲಿ ಸಿಗುತ್ತದೆ, ಆಮ್ಲಜನಕದ ಸಿಲಿಂಡರ್ ತುಂಬಿದೆಯೇ, ಮಗುವಿನ ಅಳತೆಯ ಮುಖವಾಡ ಇದೆಯೇ, ಓ.ಆರ್.ಎಸ್. ಮತ್ತು ಸತುವಿನ ಮಾತ್ರೆ ದಾಸ್ತಾನು ಎಷ್ಟು. ಇದು ತನಿಖೆಯ ದನಿಯಲ್ಲಿ ಇರಬಾರದು. ಉತ್ತರ ಇಲ್ಲ ಎಂದಾದರೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ನಿರ್ಣಯ ಕಳುಹಿಸುವುದು ನಮ್ಮ ಕೆಲಸ, ವೈದ್ಯರ ಕೈ ಅದರಿಂದ ಬಲಗೊಳ್ಳುತ್ತದೆ.

ರಸ್ತೆ ಅಗೆತದ ಬಗ್ಗೆ ನಮ್ಮ ಪಂಚಾಯಿತಿ ಕೈಗೊಂಡ ನಿರ್ಣಯದ ಸಾರಾಂಶ ಹೀಗಿದೆ. ಯಾವುದೇ ಇಲಾಖೆಯ, ಯಾವುದೇ ಯೋಜನೆಯ ಕಾಮಗಾರಿಯಾಗಲಿ, ಜನವಸತಿಗೆ ಇರುವ ಏಕೈಕ ದಾರಿಯನ್ನು ಅಡ್ಡಲಾಗಿ ಅಗೆದರೆ ಆ ದಿನ ಕತ್ತಲಾಗುವುದರೊಳಗೆ ವಾಹನ ದಾಟುವಂತೆ ಮಾಡತಕ್ಕದ್ದು. ಮರುಪೂರಣವನ್ನು ಪದರ ಪದರವಾಗಿ ದಮ್ಮಸು ಮಾಡಿ, ಆ ವಾರ್ಡಿನ ಸದಸ್ಯರು ಟ್ರಾಕ್ಟರ್ ಓಡಿಸಿ ನೋಡಿದ ನಂತರವೇ ಪ್ರಮಾಣಪತ್ರ. ಮೊದಲ ದೊಡ್ಡ ಮಳೆಯ ಮರುದಿನ ಮರುಪರಿಶೀಲನೆ. ನಾನು ಈಗ ಕಾಗದ ನೋಡಿ ಸಹಿ ಹಾಕುವುದಿಲ್ಲ, ಸ್ಥಳಕ್ಕೆ ಹೋಗುತ್ತೇನೆ. ಇದರಿಂದ ಕೆಲವು ಬಿಲ್ಲುಗಳು ತಡವಾಗಿವೆ, ಕೆಲವರಿಗೆ ಅಸಮಾಧಾನವೂ ಇದೆ.

ಕೊನೆಯದಾಗಿ ದಾಖಲೆಯ ವಿಷಯ. ಮಹಾಡದಲ್ಲಿ ಎಲ್ಲವೂ ಶುರುವಾದದ್ದು ಗಂಟೆಗಂಟೆಗೆ ಬರೆದಿಟ್ಟ ಟಿಪ್ಪಣಿಯಿಂದ. ನಮ್ಮ ಕಚೇರಿಯಲ್ಲಿ ನೂರು ಪುಟದ ಸಾಮಾನ್ಯ ಪುಸ್ತಕವೊಂದನ್ನು ಇರಿಸಲಾಗಿದೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಯಾವುದೇ ಮಗುವಿಗೆ ತುರ್ತು ಸ್ಥಿತಿ ಒದಗಿದರೆ ಆಶಾ ಕಾರ್ಯಕರ್ತೆಯರು ವಾರದೊಳಗೆ ಅದರಲ್ಲಿ ಸಮಯಗಳನ್ನು ಬರೆಸುತ್ತಾರೆ: ಆದದ್ದು ಎಷ್ಟು ಹೊತ್ತಿಗೆ, ಮನೆಯಿಂದ ಹೊರಟಿದ್ದು, ವಾಹನ ಸಿಕ್ಕಿದ್ದು, ಆಸ್ಪತ್ರೆ ತಲುಪಿದ್ದು, ಮೊದಲ ಔಷಧ ಸಿಕ್ಕಿದ್ದು, ನಡುವೆ ಎಲ್ಲಿ ನಿಲ್ಲಬೇಕಾಯಿತು. ಮಗುವಿನ ಹೆಸರನ್ನಾಗಲಿ ಮನೆಯವರ ಹೆಸರನ್ನಾಗಲಿ ಬರೆಯುವುದಿಲ್ಲ. ಯಾರ ತಪ್ಪು ಎಂಬ ಅಂಕಣವೂ ಇಲ್ಲ. ಮೊದಲ ಪುಟದ ನಮೂದು ಆ ಬಾಲಕನದು. ಅವನ ತಂದೆಯನ್ನು ಕೇಳಿಯೇ ಬರೆದದ್ದು. ಮೊದಲ ಔಷಧ ಸಿಕ್ಕಿದ ಸಮಯದ ಅಂಕಣ ಅದರಲ್ಲಿ ಖಾಲಿ ಇದೆ, ಏಕೆಂದರೆ ತಂದೆಗೆ ಅದು ನೆನಪಿರಲಿಲ್ಲ. ಪುಸ್ತಕದ ನಮೂನೆ ಬೇಕಾದ ಗ್ರಾಮ ಪಂಚಾಯಿತಿಗಳು ತಾಲ್ಲೂಕು ಪಂಚಾಯಿತಿ ಕಚೇರಿಯ ಮೂಲಕ ಪಡೆದುಕೊಳ್ಳಬಹುದು.